ಮೊದಲ ಸಾಲಿನ ಖಾಲಿ ಕುರ್ಚಿ

ಕರಕುಶಲ ಮೇಳದಲ್ಲಿ ಮರ ಕಡೆಯುವ ಪ್ರಾತ್ಯಕ್ಷಿಕೆ ಶುರುವಾಗುವ ಹೊತ್ತಿಗೆ ಕುರ್ಚಿಗಳೆಲ್ಲ ತುಂಬಿದ್ದವು. ಮರವನ್ನು ಗಿರಗಿರನೆ ತಿರುಗಿಸುವ ಯಂತ್ರವಾದ ಲೇತಿಗೆ ನೇರ ಎದುರಾಗಿ, ಅದೂ ಮೊದಲ ಸಾಲಿನಲ್ಲಿ, ಒಂದೇ ಒಂದು ಖಾಲಿಯಿತ್ತು. ಇಂಥ ಜಾಗವನ್ನು ನನಗೆಂದು ಬಿಟ್ಟುಕೊಟ್ಟವರ ಸೌಜನ್ಯವನ್ನು ಮನಸ್ಸಿನಲ್ಲೇ ಕೊಂಡಾಡುತ್ತ ಕುಳಿತೆ. ಅದು ಸೌಜನ್ಯವಲ್ಲವೆಂಬುದು ಲೇತ್ ತಿರುಗಿದ ಮರುಕ್ಷಣವೇ ತಿಳಿಯಿತು. ಲೇತಿನ ಚಕ್‌ಗೆ, ಅಂದರೆ ಮರವನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗಕ್ಕೆ, ಕಚ್ಚಿಸಿದ್ದ ಹಸಿ ಮರ ತನ್ನೊಳಗಿನ ನೀರನ್ನು ಅಂಚಿನಿಂದ ನೇರವಾಗಿ ನನ್ನ ಕನ್ನಡಕದ ಮೇಲೆ ಸಿಡಿಸಿತು.

“ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್, ಅಕಸ್ಮಾತ್ ಮರ ಒಡೆದರೆ ಚೂರು ಬರುವುದೂ ಅದೇ ದಾರಿಯಲ್ಲಿ” ಎಂದರು ಕಡೆಯುತ್ತಿದ್ದ ಹಿರಿಯರು. 25 ಸೆಂ.ಮೀ. ಅಗಲದ ಬಟ್ಟಲು ನಿಮಿಷಕ್ಕೆ 1000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು 47 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದಂತೆ. ನಾನೂ ಕುರ್ಚಿಯೂ ಆ ವೇಗಕ್ಕೆ ಹೆಚ್ಚೇನೂ ಕಡಿಮೆಯಿಲ್ಲದಂತೆ ಪಕ್ಕಕ್ಕೆ ಸರಿದೆವು.

ಅವರ ಕೈಯಲ್ಲಿ ಕೆಲಸ ಬಲು ಸಲೀಸಾಗಿ ಕಾಣುತ್ತಿತ್ತು. ಉಳಿಯನ್ನು ಅದರ ಆಸರೆಪಟ್ಟಿಯಾದ ಟೂಲ್ ರೆಸ್ಟಿನ ಮೇಲೆ ಊರಿ, ಅಲಗಿನ ಹಿಂದಿರುವ ಇಳಿಜಾರು ಮುಖವನ್ನಷ್ಟೇ ಮೊದಲು ಮರಕ್ಕೆ ಸವರುವಂತೆ ತಾಗಿಸಿ, ಆಮೇಲೆ ಹಿಡಿಯನ್ನು ಕೂದಲೆಳೆಯಷ್ಟು ಮೇಲೆತ್ತುವರು. ಆಗ ಅಲಗು ಮೆಲ್ಲನೆ ಕಚ್ಚಿಕೊಂಡು, ಮರ ‘ಸುಯ್’ ಎನ್ನುತ್ತ ರಿಬ್ಬನ್ನಿನಂಥ ಉದ್ದುದ್ದ ಸುರುಳಿಗಳಾಗಿ ಅವರ ತೋಳಿನ ಮೇಲಿಂದ ಹಾರಿ ಬೀಳುವುದು. ಹಸಿ ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗದೆ ದುಂಡು ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗುವುದರಿಂದ, ಮೊದಲು ದಪ್ಪವಾಗಿ ಕಡೆದು, ತಿಂಗಳುಗಟ್ಟಲೆ ಒಣಗಿಸಿ, ಮತ್ತೊಮ್ಮೆ ಕಡೆಯಬೇಕು ಎಂದೂ ಹೇಳಿದರು. ನಾನು ಪ್ರತಿ ವಾಕ್ಯಕ್ಕೂ ಬಲ್ಲವನಂತೆ ತಲೆಯಾಡಿಸುತ್ತಿದ್ದೆ. ಅದೇ ತಪ್ಪಾಯಿತು. “ಯಾರಾದರೂ ಕೈಯಾಡಿಸುತ್ತೀರಾ?” ಎಂದು ಅವರು ಕೇಳಿದಾಗ ಸಭೆಗೆ ಸಭೆಯೇ ನನ್ನತ್ತ ತಿರುಗಿತು.

ಅಂಗಿಯ ತೋಳು ಮಡಚಿಸಿದರು, ಉಂಗುರ, ಗಡಿಯಾರ ಬಿಚ್ಚಿಸಿದರು, ಮುಖಕ್ಕೆ ಪಾರದರ್ಶಕ ಕವಚ ತೊಡಿಸಿದರು. ಲೇತಿನ ಎರಡು ತುದಿಗಳ ನಡುವೆ ಉದ್ದನೆಯ ಒಣ ಕೋಲೊಂದನ್ನು ಸಿಕ್ಕಿಸಿ, ಓರೆ ಅಲಗಿನ ಉಳಿಯನ್ನು ಕೈಗಿತ್ತು, “ಅಲಗಿನ ಮೇಲ್ಮೊನೆ ಮಾತ್ರ ಮರಕ್ಕೆ ತಾಗಕೂಡದು” ಎಂದರು. ಮೇಣದಬತ್ತಿಯ ಸ್ಟ್ಯಾಂಡ್ ಮಾಡುವುದೆಂದು ನಾನು ಘೋಷಿಸಿದೆ. ಮೊದಲ ಸುರುಳಿ ಎದ್ದು ಬೆಚ್ಚಗೆ ಮುಂಗೈಯ ಮೇಲೆ ಬಿದ್ದಾಗ ಹೆಮ್ಮೆಯಿಂದ ತಿರುಗಿ ಸಭಿಕರನ್ನು ನೋಡಿದೆ. ಮೇಲ್ಮೊನೆ ಮರವನ್ನು ನೋಡಿದ್ದೂ ಆಗಲೇ. ‘ಠಣ್’ ಎಂಬ ಸದ್ದಿನೊಂದಿಗೆ ಉಳಿ ಜಿಗಿಯಿತು, ಕೋಲಿನ ಮೈಮೇಲೆ ಸ್ಕ್ರೂವಿನ ಸುರುಳಿಗೆರೆಯಂತೆ ಸುತ್ತುಸುತ್ತಾದ ಗೀರು ಮೂಡಿತು. “ಪರವಾಗಿಲ್ಲ ಸಾರ್, ಗೀರು ಹೋಗುವವರೆಗೆ ತೆಳ್ಳಗೆ ಮಾಡೋಣ” ಎಂದರು.

ಹೀಗೆ ತೆಳ್ಳಗಾಗುತ್ತ, ಪ್ರತಿ ಗೀರಿಗೂ ಒಂದೊಂದು ಮೆಟ್ಟಿಲು ಇಳಿಯುತ್ತ, ನನ್ನ ಮೇಣದಬತ್ತಿಯ ಸ್ಟ್ಯಾಂಡ್ ಸುತ್ತಿಗೆಯ ಹಿಡಿಯಾಯಿತು, ಉಳಿಯ ಹಿಡಿಯಾಯಿತು, ಪೆನ್ನಾಯಿತು. ಪೆನ್ನಿಗೆ ತೃಪ್ತಿಪಟ್ಟುಕೊಳ್ಳುವಷ್ಟರಲ್ಲಿ ನಡು ಮುರಿಯಿತು. ಹಿರಿಯರು ದೊಡ್ಡ ತುಂಡನ್ನು ಚಕ್‌ಗೆ ಕಚ್ಚಿಸಿ, ನಾಲ್ಕೇ ಎಳೆತದಲ್ಲಿ ಪುಟ್ಟದೊಂದು ಬುಗುರಿ ಕಡೆದು, “ನೀವೇ ಮಾಡಿದ್ದು” ಎಂದು ನನ್ನ ಅಂಗೈಯಲ್ಲಿಟ್ಟರು. ಮೇಜಿನ ಮೇಲೆ ಆಡಿಸಿದಾಗ ಅದು ಅಲುಗದೆ ನಿಂತು ತಿರುಗಿತು. ಯಾರೂ ನಂಬಲಿಲ್ಲ.