ಆಂಪಿಯರ್-ಅವರ್ ಹೆಚ್ಚಿಸಿದರೆ ಸಾಲದು

ಹೆಚ್ಚುವರಿ ಉಪಕರಣಗಳಿರುವ ಕಾರಿಗೆ ಹೆಚ್ಚು ಆಂಪಿಯರ್-ಅವರ್‌ನ (ಅಂದರೆ ಹೆಚ್ಚು ವಿದ್ಯುತ್ ಹಿಡಿದಿಡುವ) ಬ್ಯಾಟರಿ ಹಾಕಿಸಿದರೆ ಸಾಕು ಎಂದು ಕಾರು ಬ್ಯಾಟರಿಯ ಆಯ್ಕೆ ಕುರಿತ ಲೇಖನವೊಂದು ಹೇಳಿದ ಮಾತನ್ನು ಒಪ್ಪಲಾರೆ. ಕೋಲಾರದಲ್ಲಿರುವ ನಾನು ಇದೇ ಸಲಹೆಯನ್ನು ನಂಬಿ 35ರ ಬದಲು 45 ಆಂಪಿಯರ್-ಅವರ್‌ನ ಬ್ಯಾಟರಿ ಹಾಕಿಸಿದ್ದೆ; ಆದರೂ ಮೂರು ದಿನ ಮನೆಯ ಮುಂದೆ ನಿಂತ ಕಾರು, ನಾಲ್ಕನೆಯ ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಎಂದು ಸುಮ್ಮನಾಗುತ್ತಿತ್ತು. ಕಡೆಗೆ ಎಪಿಎಂಸಿ ಬಳಿಯ ಎಲೆಕ್ಟ್ರಿಷಿಯನ್ ಒಬ್ಬರು ನೆಗೆಟಿವ್ ತಂತಿಯನ್ನು ಬಿಚ್ಚಿ ನಡುವೆ ಮೀಟರ್ ಜೋಡಿಸಿ ನೋಡಿದಾಗ, ಎಲ್ಲವನ್ನೂ ಆರಿಸಿದ್ದರೂ 0.4 ಆಂಪಿಯರ್ ಹರಿಯುತ್ತಿತ್ತು, ಅಂದರೆ ದಿನಕ್ಕೆ ಸುಮಾರು 10 ಆಂಪಿಯರ್-ಅವರ್ ಸೋರಿಕೆ. ನಾನು ಹೊರಗಿನ ಅಂಗಡಿಯಲ್ಲಿ ಕೂಡಿಸಿದ್ದ ಆಂಪ್ಲಿಫೈಯರ್‌ನ (ಹಾಡಿನ ಧ್ವನಿ ಹೆಚ್ಚಿಸುವ ಸಾಧನ) ಆನ್ ಮಾಡುವ ತಂತಿಯನ್ನು ಅಂಗಡಿಯವರು ಇಗ್ನಿಷನ್‌ಗೆ, ಅಂದರೆ ಕೀ ಸ್ವಿಚ್ಚಿಗೆ, ಕೊಡದೆ ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದರು. ಅದನ್ನು ಸರಿಪಡಿಸಿದ ಮೇಲೆ ತೊಂದರೆ ಮರುಕಳಿಸಲಿಲ್ಲ.

ಸಾಮಾನ್ಯ ಕಾರು ಬ್ಯಾಟರಿಯ ಸೀಸದ ಫಲಕಗಳು ತೆಳುವಾಗಿದ್ದು, ಎಂಜಿನ್ ಚಾಲೂ ಮಾಡಲು ಕೆಲವು ಸೆಕೆಂಡು ಭಾರಿ ವಿದ್ಯುತ್ ಕೊಡಲೆಂದೇ ರೂಪಿಸಿದವು. ಪದೇಪದೇ ಪೂರ್ತಿ ಬರಿದಾದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಎಷ್ಟೇ ದೊಡ್ಡ ಬ್ಯಾಟರಿಯಾದರೂ ಬೇಗ ಕೆಡುತ್ತದೆ. ಸ್ಟಾರ್ಟ್-ಸ್ಟಾಪ್ ಸೌಲಭ್ಯವಿರುವ (ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆರಿ ಮತ್ತೆ ಚಾಲೂ ಆಗುವ) ಕಾರಿಗಂತೂ ಪದೇಪದೇ ಚಾಲೂ ಮಾಡುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬಗೆಯ ಬ್ಯಾಟರಿಯೇ ಬೇಕು, ಈ ವಿಷಯವನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಬಾರದಿತ್ತು. ಲೇಖಕರು ಒತ್ತಿ ಹೇಳಿರುವ ಸಿಸಿಎ ಅಂಕಿ (ಚಳಿಯಲ್ಲಿ ಎಂಜಿನ್ ಚಾಲೂ ಮಾಡಲು ಬ್ಯಾಟರಿ ಕೊಡಬಲ್ಲ ವಿದ್ಯುತ್ತಿನ ಅಳತೆ) ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ನಮ್ಮ ಬಯಲುಸೀಮೆಯಲ್ಲಿ ಬ್ಯಾಟರಿಯ ಆಯುಷ್ಯ ಕಡಿಮೆ ಮಾಡುವುದು ಚಳಿಯಲ್ಲ, ಬಾನೆಟ್ ಕೆಳಗಿನ ಬಿಸಿ. ಹೊಸ ಬ್ಯಾಟರಿಗೆ ಹಣ ಕೊಡುವ ಮುನ್ನ ದಯವಿಟ್ಟು ಸೋರಿಕೆಯನ್ನೂ ಆಲ್ಟರ್ನೇಟರ್‌ನ (ಎಂಜಿನ್ ಓಡುವಾಗ ಬ್ಯಾಟರಿಗೆ ವಿದ್ಯುತ್ ತುಂಬುವ ಯಂತ್ರ) ಚಾರ್ಜಿಂಗನ್ನೂ ಪರೀಕ್ಷಿಸಿಕೊಳ್ಳಿ.