ಹಳೆ ಮೇಷ್ಟ್ರುಗಳ ಹೆಸರಿನಲ್ಲಿ ಅಡಿಸ್ ಅಬಾಬಾ ಸುತ್ತಿದ್ದು

ವಿದೇಶಕ್ಕೆ ಪಾಠ ಮಾಡಲು ಹೋಗುವ ನಮ್ಮವರ ಬಗ್ಗೆ ನನ್ನದೊಂದು ಹಳೆ ತಕರಾರಿದೆ. ಹೋದ ಊರನ್ನು ಅವರು ನೋಡುವುದೇ ಇಲ್ಲ. ಕ್ಲಾಸು, ರೂಮು, ಕುಕ್ಕರು, ರಾತ್ರಿ ಮನೆಗೆ ಫೋನು, ತಿಂಗಳ ಕೊನೆಗೆ ಡಾಲರ್ ರೇಟು. ವರ್ಷಗಟ್ಟಲೆ ಇದ್ದು ಬಂದವರನ್ನು ‘ಹೇಗಿದೆ ಸರ್ ಆ ದೇಶ?’ ಅಂತ ಕೇಳಿ ನೋಡಿ. ‘ಪರವಾಗಿಲ್ಲ, ಹವಾ ಚೆನ್ನಾಗಿದೆ, ಒಳ್ಳೆ ಅಕ್ಕಿ ಸಿಗಲ್ಲ’ ಅಂತಾರೆ. ಅಲ್ಲಿಗೆ ದೇಶ ಮುಗಿಯಿತು.

ನಾನು ಇಥಿಯೋಪಿಯಾದ ಒಂದು ಸಣ್ಣ ಊರಿನ ಯೂನಿವರ್ಸಿಟಿಯಲ್ಲಿ ಗಣಿತ ಹೇಳಿಕೊಟ್ಟವನು. ದುಡ್ಡಿಗಾಗಿಯೇ ಹೋದದ್ದು. ಇಲ್ಲಿ ಅತಿಥಿ ಉಪನ್ಯಾಸಕನಾಗಿ ದುಡಿದವರಿಗೆ ಅದು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. 2000ದ ನಂತರ ಆ ದೇಶ ಒಂದರ ಹಿಂದೆ ಒಂದು ಯೂನಿವರ್ಸಿಟಿ ತೆರೆಯುತ್ತಾ ಹೋಯಿತು. ಪಾಠ ಮಾಡುವವರು ಸಾಲದೆ ನಮ್ಮ ಕಡೆಯಿಂದ ಕರೆಸಿಕೊಂಡರು. ದುಡ್ಡಿಗಾಗಿ ಹೋಗುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ದುಡ್ಡಿನ ಜೊತೆ ಒಂದು ಊರೂ ಪುಕ್ಕಟೆ ಸಿಗುತ್ತದೆ. ಅದನ್ನು ಬಿಟ್ಟು ಬರುತ್ತಾರಲ್ಲ, ಅದೇ ನನಗೆ ಹೊಟ್ಟೆ ಉರಿ.

ಒಂದು ಸಲ ಪರ್ಮಿಟ್ಟು, ಬ್ಯಾಂಕು ಅಂತ ನಾವು ಕೆಲವರು ರಾಜಧಾನಿ ಅಡಿಸ್ ಅಬಾಬಾಕ್ಕೆ ಬಂದಿದ್ದೆವು. ಶನಿವಾರ ಪೂರ್ತಿ ಖಾಲಿ. ಗುಂಟೂರಿನ ಫಿಸಿಕ್ಸ್ ಸರ್, ಕೊಟ್ಟಾಯಂನ ಇಂಗ್ಲಿಷ್ ಮೇಡಂ, ಕೊಯಮತ್ತೂರಿನ ಸಿವಿಲ್ ಸರ್, ಜೊತೆಗೆ ನಮ್ಮ ಡಿಪಾರ್ಟ್‌ಮೆಂಟಿನ ಒಬ್ಬ ಇಥಿಯೋಪಿಯನ್ ಹುಡುಗ. ಅವನು ಹುಟ್ಟಿ ಬೆಳೆದದ್ದೇ ಅಡಿಸ್‌ನಲ್ಲಿ. ‘ನಾನು ತೋರಿಸ್ತೀನಿ ಬನ್ನಿ’ ಅಂದ. ಫಿಸಿಕ್ಸ್ ಸರ್ ಮಾತ್ರ ‘ಇವತ್ತು ಮ್ಯಾಚ್ ಇದೆ, ನೀವು ಹೋಗ್ಬನ್ನಿ’ ಅಂತ ಹಾಸಿಗೆ ಬಿಟ್ಟು ಏಳಲಿಲ್ಲ. ಮೇಡಂ ಬೈದು ಎಬ್ಬಿಸಿದರು.

ಅಲ್ಲಿ ಊರೊಳಗೆ ಓಡಾಡಲು ನೀಲಿ-ಬಿಳಿ ಬಣ್ಣದ ಮಿನಿಬಸ್. ಬಾಗಿಲಿಗೆ ನೇತುಬಿದ್ದ ಹುಡುಗ ‘ಅರಾತ್ ಕಿಲೋ, ಅರಾತ್ ಕಿಲೋ’ ಅಂತ ಕೂಗುತ್ತಿರುತ್ತಾನೆ. ಅರಾತ್ ಅಂದರೆ ನಾಲ್ಕು. ಅದೇ ರಸ್ತೆಯಲ್ಲಿ ಮುಂದೆ ಐದು ಕಿಲೋ, ಆರು ಕಿಲೋ ಅಂತಲೂ ಸ್ಟಾಪುಗಳಿವೆ. ನಾವು ಹತ್ತಿ ನಮ್ಮ ನಮ್ಮ ಇಂಗ್ಲಿಷಿನಲ್ಲಿ ಹರಟುತ್ತಿದ್ದೆವು. ಮುಂದಿನ ಸೀಟಿನಲ್ಲಿದ್ದ ಒಬ್ಬ ಮುದುಕರು ತಿರುಗಿ ‘ಇಂಡಿಯಾ? ಟೀಚರ್?’ ಅಂತ ಕೇಳಿದರು. ಹೌದು ಅಂದೆವು. ಹಳೆ ಕೋಟು, ತಲೆಗೆ ಉಲ್ಲನ್ ಟೋಪಿ, ಬಾಯಲ್ಲಿ ಎರಡು ಮೂರು ಹಲ್ಲು. ಮುಖ ಅರಳಿತು. ಬಲಗೈ ಬೆರಳನ್ನು ಗಾಳಿಯಲ್ಲಿ ಬರೆಯುವ ಹಾಗೆ ಆಡಿಸುತ್ತಾ ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’ ಅಂತ ಶುರು ಮಾಡಿದವರು, ‘ಪ್ಲಸ್ ಬಿ ಸ್ಕ್ವೇರ್’ವರೆಗೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

ಗಣಿತದ ಮೇಷ್ಟ್ರು ನಾನು, ನನಗೆ ಮೈ ಜುಂ ಅಂದಿತು. ‘ಹೋಲ್ ಸ್ಕ್ವೇರ್’ ಅನ್ನುವುದು ನಮ್ಮ ಕಡೆಯ ಕ್ಲಾಸ್‌ರೂಮಿನ ಮಾತು. ಇಂಗ್ಲೆಂಡಿನ ಮೇಷ್ಟ್ರು ಹಾಗೆ ಹೇಳಿಕೊಡುವುದಿಲ್ಲ. ಚಕ್ರವರ್ತಿ ಹೈಲೆ ಸೆಲಾಸಿ ಕಾಲದಲ್ಲಿ ಅವರಿಗೆ ಆಲ್ಜೀಬ್ರಾ ಕಲಿಸಿದವರು ಒಬ್ಬ ಇಂಡಿಯನ್ ಅಂತೆ. ಹೆಸರು ಮರೆತುಹೋಗಿದೆ, ಬೆತ್ತ ಮಾತ್ರ ಮರೆತಿಲ್ಲ ಅಂತ ನಕ್ಕರು. ನಮ್ಮೆಲ್ಲರ ಟಿಕೆಟ್ ದುಡ್ಡನ್ನೂ ಅವರೇ ಕೊಟ್ಟು, ಬೇಡ ಬೇಡ ಅಂದರೂ ಕೇಳದೆ, ಮುಂದಿನ ಸ್ಟಾಪಿನಲ್ಲಿ ಇಳಿದು ಹೋದರು.

ಇಂಥವರು ಅಲ್ಲಿ ಎಲ್ಲೆಲ್ಲೂ ಸಿಗುತ್ತಾರೆ. ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ, ಸರ್ಕಾರಿ ಆಫೀಸಿನಲ್ಲಿ. ಒಂದು ವಯಸ್ಸು ದಾಟಿದ, ಹೈಸ್ಕೂಲು ಓದಿದ ಇಥಿಯೋಪಿಯನ್‌ಗೆ ಒಬ್ಬ ಇಂಡಿಯನ್ ಮೇಷ್ಟ್ರ ನೆನಪು ಇದ್ದೇ ಇರುತ್ತದೆ ಅನ್ನುವಷ್ಟು. ಕಳೆದ ಶತಮಾನದ ಐವತ್ತು, ಅರವತ್ತರ ದಶಕಗಳಲ್ಲಿ ನಮ್ಮವರು, ಅದರಲ್ಲೂ ಕೇರಳದವರು, ಅಲ್ಲಿನ ಮೂಲೆ ಮೂಲೆಯ ಹೈಸ್ಕೂಲುಗಳಿಗೆ ಹೋಗಿ ಗಣಿತ, ವಿಜ್ಞಾನ, ಭೂಗೋಳ ಕಲಿಸಿದರು. 1974ರಲ್ಲಿ ಚಕ್ರವರ್ತಿಯನ್ನು ಇಳಿಸಿ ಸೈನ್ಯದವರು ಬಂದರು. ಆಮೇಲೂ ಎಷ್ಟೋ ಜನ ಉಳಿದರು.

ಅರಾತ್ ಕಿಲೋದಲ್ಲಿ ಇಳಿದು ಏರು ರಸ್ತೆಯಲ್ಲಿ ನಡೆದೆವು. ಊರು ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ನಾಲ್ಕು ಹೆಜ್ಜೆಗೇ ಏದುಸಿರು. ನ್ಯಾಷನಲ್ ಮ್ಯೂಸಿಯಂ ದಾರಿಯಲ್ಲೇ ಸಿಗುತ್ತದೆ. ಅಲ್ಲಿರುವವಳು ಲೂಸಿ. 1974ರಲ್ಲಿ ಅಫಾರ್ ಪ್ರದೇಶದ ಹದಾರ್‌ನಲ್ಲಿ ಸಿಕ್ಕ, 32 ಲಕ್ಷ ವರ್ಷ ಹಿಂದಿನ, ಮನುಷ್ಯರ ಪೂರ್ವಿಕರ ಕುಲದ ಹೆಣ್ಣಿನ ಅಸ್ಥಿಪಂಜರ. ಅವರ ಅಮ್ಹಾರಿಕ್ ಭಾಷೆಯಲ್ಲಿ ಅವಳು ದಿಂಕಿನೆಶ್. ಗಾಜಿನೊಳಗಿರುವುದು ಅಚ್ಚು ತೆಗೆದು ಮಾಡಿದ್ದು, ಅಸಲಿ ಮೂಳೆಗಳನ್ನು ಒಳಗೆ ಜೋಪಾನವಾಗಿ ಇಟ್ಟಿದ್ದಾರೆ. ಸಿವಿಲ್ ಸರ್ ‘ಓ, ಡೂಪ್ಲಿಕೇಟಾ?’ ಅಂತ ಮುಂದಕ್ಕೆ ಹೋಗಿಬಿಟ್ಟರು. ನಾನು ನಿಂತು ನೋಡಿದ್ದು ಲೂಸಿಯನ್ನಲ್ಲ, ಅವಳನ್ನು ನೋಡಲು ಬಂದಿದ್ದ ಸ್ಕೂಲ್ ಮಕ್ಕಳನ್ನು. ಎಲ್ಲ ನೀಲಿ ಸ್ವೆಟರು. ಒಬ್ಬಳು ಪುಟ್ಟ ಹುಡುಗಿ ಗಾಜಿಗೆ ಬೆನ್ನು ಕೊಟ್ಟು ನಿಂತು, ತಲೆ ಮೇಲೆ ಅಂಗೈ ಇಟ್ಟು, ಯಾರು ಎತ್ತರ ಅಂತ ಗೆಳತಿಯನ್ನು ಕೇಳುತ್ತಿದ್ದಳು. ಲೂಸಿ ಮೂರೂವರೆ ಅಡಿ. ಹುಡುಗಿಯೇ ಗೆದ್ದಳು. ಅವರ ಮೇಷ್ಟ್ರು ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದರು. ನಾವೂ ಮೇಷ್ಟ್ರುಗಳು ಅಂತ ಗೊತ್ತಾದಾಗ ಅವರ ಮುಖದಲ್ಲಿ ಬಂದ ನಗು ಇದೆಯಲ್ಲ, ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರಿಗಷ್ಟೇ ಅರ್ಥವಾಗುತ್ತದೆ.

ಮೇಲೆ ಸಿದಿಸ್ತ್ ಕಿಲೋ, ಅಂದರೆ ಆರು ಕಿಲೋದಲ್ಲಿ ಅಡಿಸ್ ಅಬಾಬಾ ಯೂನಿವರ್ಸಿಟಿ. 1950ರಲ್ಲಿ ಕಾಲೇಜಾಗಿ ಶುರುವಾದದ್ದು. ಚಕ್ರವರ್ತಿ ಆಮೇಲೆ ತನ್ನ ಅರಮನೆಯನ್ನೇ ಅದಕ್ಕೆ ಬಿಟ್ಟುಕೊಟ್ಟ. ಈಗ ಒಳಗೆ ಮ್ಯೂಸಿಯಂ ಇದೆ. ಅವನ ಮಲಗುವ ಕೋಣೆ, ಅಲ್ಲೊಂದು ಕನ್ನಡಿ, ಕನ್ನಡಿಯಲ್ಲಿ ಗುಂಡಿನ ತೂತು. 1960ರ ದಂಗೆಯ ಗುರುತು. ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಕಟ್ಟಡದ ಎದುರಿನ ಮೆಟ್ಟಿಲು. ಎಲ್ಲಿಗೂ ಹೋಗದ ಮೆಟ್ಟಿಲು ಅದು. ಸುಮ್ನೆ ಸುತ್ತುತ್ತಾ ಮೇಲಕ್ಕೆ ಹೋಗಿ ಆಕಾಶದಲ್ಲಿ ನಿಲ್ಲುತ್ತದೆ. 1936ರಿಂದ 1941ರವರೆಗೆ ಇಟಲಿಯವರು ಈ ಊರನ್ನು ಹಿಡಿದಿಟ್ಟುಕೊಂಡಿದ್ದಾಗ ಕಟ್ಟಿದ್ದು. ಮುಸೊಲಿನಿ 1922ರಲ್ಲಿ ಅಧಿಕಾರಕ್ಕೆ ಬಂದನಲ್ಲ, ಅಲ್ಲಿಂದ ವರ್ಷಕ್ಕೊಂದು ಮೆಟ್ಟಿಲು. ಇಟಲಿಯವರು ಸೋತು ಹೋದ ಮೇಲೆ ಇಥಿಯೋಪಿಯಾದವರು ಅದನ್ನು ಒಡೆದು ಹಾಕಲಿಲ್ಲ. ತುತ್ತತುದಿಯ ಮೆಟ್ಟಿಲಿನ ಮೇಲೆ ತಮ್ಮದೊಂದು ಸಿಂಹದ ಪ್ರತಿಮೆ ತಂದು ಕೂರಿಸಿದರು. ಮುಗೀತು ಲೆಕ್ಕ.

ಇದಕ್ಕಿಂತ ಒಳ್ಳೆ ಇತಿಹಾಸದ ಪಾಠ ಯಾವ ಪವರ್‌ಪಾಯಿಂಟಿನಲ್ಲಿ ಸಿಗುತ್ತದೆ ಹೇಳಿ? ಕಾಂಪೌಂಡಿನ ಆಚೆ ಸರ್ಕಲ್ಲಿನಲ್ಲಿ ಇನ್ನೊಂದು ಸ್ಮಾರಕ ಇದೆ. 1937ರ ಫೆಬ್ರವರಿಯಲ್ಲಿ ಇಟಲಿಯ ಸೈನ್ಯ ಮೂರು ದಿನ ಊರಿನ ಜನರನ್ನು ಕೊಂದದ್ದಕ್ಕೆ. ಇವೆರಡನ್ನೂ ಒಟ್ಟಿಗೆ ನೋಡಿದಾಗಲೇ ಆ ಸಿಂಹ ಯಾಕೆ ಅಷ್ಟು ಸೆಟೆದು ಕೂತಿದೆ ಅಂತ ತಿಳಿಯುವುದು.

ಊಟದ ಹೊತ್ತಿಗೆ ಒಂದು ತಮಾಷೆ. ನಮ್ಮ ಫಿಸಿಕ್ಸ್ ಸರ್ ಪಕ್ಕಾ ಸಸ್ಯಾಹಾರಿ. ಬಂದ ದಿನದಿಂದ ‘ಈ ದೇಶದಲ್ಲಿ ವೆಜ್ ಸಿಗಲ್ಲ’ ಅಂತ ಗೊಣಗುತ್ತಾ, ಗುಂಟೂರಿನ ಉಪ್ಪಿನಕಾಯಿ, ಬಿಸ್ಕತ್ತಿನಲ್ಲೇ ಹೊರಗಿನ ಊಟ ಮುಗಿಸುತ್ತಿದ್ದರು. ಅದು ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ಕಾಲ, 55 ದಿನ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಈ ದಿನಗಳಲ್ಲಿ ಮಾಂಸ ಇರಲಿ, ಹಾಲು, ಬೆಣ್ಣೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇದಲ್ಲದೆ ಹೆಚ್ಚುಕಮ್ಮಿ ವರ್ಷಪೂರ್ತಿ ಬುಧವಾರ, ಶುಕ್ರವಾರ. ಎಲ್ಲ ಸೇರಿದರೆ ಹತ್ತಿರ ಹತ್ತಿರ ಅರ್ಧ ವರ್ಷ. ನಮ್ಮ ಸಸ್ಯಾಹಾರಕ್ಕಿಂತ ಕಟ್ಟುನಿಟ್ಟು! ಹೋಟೆಲಿನಲ್ಲಿ ‘ಬೆಯೈನೆತು’ ಅಂತ ಕೇಳಿದರೆ ಸಾಕು. ಟೆಫ್ ಅನ್ನುವ ಸಣ್ಣ ಕಾಳಿನ ಹಿಟ್ಟು ಹುಳಿ ಬರಿಸಿ ಮಾಡಿದ ಇಂಜೆರಾ ಬರುತ್ತದೆ, ನಮ್ಮ ಸೆಟ್ ದೋಸೆಯನ್ನು ಮೊರದಗಲ ಹುಯ್ದ ಹಾಗೆ. ಅದರ ಮೇಲೆ ಗುಪ್ಪೆ ಗುಪ್ಪೆಯಾಗಿ ಬೇಳೆ, ಕಡಲೆ ಹಿಟ್ಟಿನ ಶಿರೋ, ಸೊಪ್ಪು, ಬೀಟ್‌ರೂಟು, ಎಲೆಕೋಸು. ಎಲ್ಲರಿಗೂ ಒಂದೇ ತಟ್ಟೆ. ನಮ್ಮ ಹುಡುಗ ಒಂದು ತುತ್ತು ಮಾಡಿ ಸೀದಾ ಫಿಸಿಕ್ಸ್ ಸರ್ ಬಾಯಿಗೇ ಇಟ್ಟ. ಹಾಗೆ ತಿನ್ನಿಸುವುದಕ್ಕೆ ‘ಗುರ್ಶಾ’ ಅಂತಾರೆ, ಬೇಡ ಅನ್ನುವ ಹಾಗಿಲ್ಲ. ಸರ್ ಕಣ್ಣುಮುಚ್ಚಿ ತಿಂದರು. ಆಮೇಲೆ ಎರಡು ಸಲ ಇಂಜೆರಾ ಹಾಕಿಸಿಕೊಂಡರು. ಮ್ಯಾಚಿನ ಸುದ್ದಿಯೇ ಇಲ್ಲ.

ಮರ್ಕಾಟೊ ಮಾರುಕಟ್ಟೆಗೂ ಹೋದೆವು. ದೊಡ್ಡದು, ಗಲಾಟೆ, ಜೇಬು ಹುಷಾರು. ಅಷ್ಟೇ ಸಾಕು. ಪಿಯಾಸ್ಸಾದ ಹಳೆ ಬೀದಿಗಳು ಚೆನ್ನಾಗಿದ್ದವು. 2024ರಲ್ಲಿ ಅದರಲ್ಲಿ ದೊಡ್ಡ ಭಾಗವನ್ನು ರಸ್ತೆ, ಕಟ್ಟಡ ಅಂತ ಕೆಡವಿದರು. ಅಂದು ನೋಡಿದ್ದೇ ಬಂತು.

ಅಲ್ಲೇ ಫುಟ್‌ಪಾತಿನಲ್ಲಿ ನಾನೊಂದು ಚಾರ್ಟ್ ಕೊಂಡೆ. ಮಕ್ಕಳಿಗೆ ಅಕ್ಷರ ಕಲಿಸುವ ಹಾಳೆ, ‘ಫಿದೆಲ್ ಗೆಬೆತಾ’ ಅಂತಾರೆ. ಅಡ್ಡ ಸಾಲಿನಲ್ಲಿ ಏಳು ಮನೆ, ಉದ್ದಕ್ಕೆ 33 ಸಾಲು. ಹ, ಹು, ಹಿ, ಹಾ, ಹೇ... ಹೀಗೆ. ಕಾಗುಣಿತ! ಒಂದು ವ್ಯಂಜನ, ಅದಕ್ಕೆ ಸ್ವರ ಸೇರಿದಂತೆ ಸ್ವಲ್ಪ ಸ್ವಲ್ಪ ಬದಲಾಗುವ ರೂಪ. ಒಂದನೇ ಕ್ಲಾಸಿನಲ್ಲಿ ಕ ಕಾ ಕಿ ಕೀ ಬರೆದವರಿಗೆ ಇದು ಎಷ್ಟು ಹೊತ್ತಿನ ಕೆಲಸ? ಇಂಗ್ಲಿಷ್ ಸ್ಪೆಲ್ಲಿಂಗು ಬಾಯಿಪಾಠ ಮಾಡಿದವರು ನಾವು. ಆದರೂ ವರ್ಷಾನುಗಟ್ಟಲೆ ಇದ್ದು ಬಸ್ಸಿನ ಬೋರ್ಡು ಓದಲು ಬಾರದ ನಮ್ಮವರೇ ಜಾಸ್ತಿ. ವಿದ್ಯಾರ್ಥಿ ಹೆಸರನ್ನು ಸರಿಯಾಗಿ ಕರೆಯುವುದಕ್ಕೂ ಅಕ್ಷರ ಗೊತ್ತಿದ್ದರೆ ಒಳ್ಳೆಯದಲ್ವಾ? ಗಡಿಯಾರದ್ದೂ ಅಷ್ಟೇ. ಅವರು ದಿನವನ್ನು ಬೆಳಗಿನಿಂದ ಎಣಿಸುತ್ತಾರೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಇದನ್ನು ತಿಳಿದುಕೊಳ್ಳದೆ ‘ಈ ಹುಡುಗರಿಗೆ ಟೈಮ್ ಸೆನ್ಸೇ ಇಲ್ಲ’ ಅಂತ ಸ್ಟಾಫ್‌ರೂಮಿನಲ್ಲಿ ಬೈದವರನ್ನು ಕಂಡಿದ್ದೇನೆ.

ಸಂಜೆ ಕಾಫಿ. ಪುಟ್ಟ ಅಂಗಡಿ, ನೆಲದ ಮೇಲೆ ಹಸಿ ಹುಲ್ಲು ಹರಡಿತ್ತು, ಕೂರಲು ಮೋಟು ಸ್ಟೂಲು. ಹೆಂಗಸೊಬ್ಬರು ಕೆಂಡದ ಮೇಲೆ ಬೀಜ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ತಂದು ಹಿಡಿದರು. ಕೈಯಿಂದ ಗಾಳಿ ಎಳೆದುಕೊಂಡು ವಾಸನೆ ನೋಡಬೇಕು. ಆಮೇಲೆ ಕುಟ್ಟಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಕಪ್ಪಿಗೆ ಎತ್ತರದಿಂದ ಸುರಿದರು. ಜೊತೆಗೆ ಪಾಪ್‌ಕಾರ್ನ್. ಮೂರು ಸುತ್ತು ಆಗಬೇಕು, ಮಧ್ಯೆ ಎದ್ದು ಹೋಗುವುದು ಮರ್ಯಾದೆಯಲ್ಲ. ಯೆಮನ್‌ನಿಂದ ಬೀಜ ತಂದ ಬಾಬಾ ಬುಡನ್ ಬಗ್ಗೆ, ಚಿಕ್ಕಮಗಳೂರಿನ ಬೆಟ್ಟದ ಬಗ್ಗೆ ನಾನು ಹೇಳಿದೆ. ಯೆಮನ್‌ಗೆ ಅದು ಹೋದದ್ದೇ ನಮ್ಮಿಂದ ಅಂದರು ಆಕೆ, ನಮ್ಮ ಹುಡುಗನ ಮೂಲಕ. ಒಪ್ಪಿಕೊಂಡೆ.

ಎರಡನೇ ಸುತ್ತಿನಲ್ಲಿ ಮಿನಿಬಸ್ಸಿನ ಮುದುಕರ ಮಾತು ಬಂತು. ನಾವೆಲ್ಲ ಹೆಮ್ಮೆಯಿಂದ ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುತ್ತಿದ್ದೆವು. ಹುಡುಗ ಮೆತ್ತಗೆ ಒಂದು ಮಾತು ಹೇಳಿದ. ‘ಬೇಜಾರು ಮಾಡ್ಕೋಬೇಡಿ ಸರ್. ನಮ್ಮಪ್ಪನೂ ತಮ್ಮ ಇಂಡಿಯನ್ ಟೀಚರ್ ಬಗ್ಗೆ ಹೇಳ್ತಾನೇ ಇರ್ತಾರೆ. ಅವರು ನಮ್ಮೂರಲ್ಲೇ ಇದ್ರು, ಅಮ್ಹಾರಿಕ್ ಮಾತಾಡ್ತಿದ್ರು, ಮದುವೆಗೆ ಬರ್ತಿದ್ರು. ನನಗೆ ಯೂನಿವರ್ಸಿಟಿಯಲ್ಲಿ ಸಿಕ್ಕವರು ನೋಟ್ಸ್ ಓದಿ ಬರೆಸಿ ಹೋಗ್ತಿದ್ರು. ಅವರ ಹೆಸರು ನನಗೂ ನೆನಪಿಲ್ಲ.’

ಸಿವಿಲ್ ಸರ್‌ಗೆ ಕೋಪ ಬಂತು. ಕರೆಂಟ್ ಇರಲ್ಲ, ಲ್ಯಾಬ್ ಇರಲ್ಲ, ಒಂದು ಕ್ಲಾಸಿಗೆ ಅಷ್ಟೊಂದು ಹುಡುಗರು, ನಾವೇನು ಮಾಡೋಣ ಅಂದರು. ಅದೂ ಸುಳ್ಳಲ್ಲ. ಆದರೆ ನಾನು ಹುಡುಗನ ಪರ. ಆ ಕಾಲದ ಮೇಷ್ಟ್ರುಗಳಿಗೆ ಲ್ಯಾಬ್ ಎಲ್ಲಿತ್ತು? ಊರಿಗೆ ಒಂದು ಕಾಗದ ಹೋಗಿ ಬರಲು ಎಷ್ಟು ದಿನ ಬೇಕಿತ್ತೋ. ಅವರೂ ಸಂಬಳಕ್ಕೇ ಹೋದವರು. ಹೋದ ಮೇಲೆ ಅಲ್ಲಿ ಬದುಕಿದರು, ನಾವು ಅಲ್ಲಿ ಕಾದೆವು, ಕಾಂಟ್ರಾಕ್ಟ್ ಮುಗಿಯುವುದನ್ನು. ಮುದುಕರು ನಮಗೆ ಟಿಕೆಟ್ ತೆಗೆಸಿದ್ದು ನಮ್ಮನ್ನು ನೋಡಿ ಅಲ್ಲ. ಆ ಹಳೆ ಮೇಷ್ಟ್ರುಗಳು ಇಟ್ಟು ಹೋದ ಠೇವಣಿಯಲ್ಲಿ ನಾವು ಓಡಾಡುತ್ತಿದ್ದೇವೆ, ತಿರುಗಿ ಒಂದು ಬಿರ್ರ್ (ಅಲ್ಲಿಯ ರೂಪಾಯಿ) ಕೂಡ ತುಂಬುತ್ತಿಲ್ಲ. ಇದು ನನ್ನ ಅಭಿಪ್ರಾಯ, ಅಲ್ಲಿ ನಿಜಕ್ಕೂ ಬೆರೆತು ದುಡಿದ ಗೆಳೆಯರು ಇದ್ದಾರೆ, ಅವರು ಮನ್ನಿಸಲಿ.

ಮೊನ್ನೆ ಹಳೆ ವಿದ್ಯಾರ್ಥಿಯೊಬ್ಬ ಆಫ್ರಿಕಾ ಕಡೆ ಪಾಠ ಮಾಡುವ ಕೆಲಸ ಸಿಕ್ಕಿದೆ, ಏನೇನು ತಗೊಂಡು ಹೋಗಲಿ ಸರ್ ಅಂತ ಮೆಸೇಜ್ ಮಾಡಿದ್ದ. ಅದಕ್ಕೇ ಇಷ್ಟೆಲ್ಲ ಬರೆದದ್ದು. ಕುಕ್ಕರ್ ತಗೊಂಡು ಹೋಗಪ್ಪಾ, ಬೇಡ ಅನ್ನಲ್ಲ. ಹೋದ ಮೊದಲ ವಾರವೇ ಅಲ್ಲಿಯ ಸಹೋದ್ಯೋಗಿ ಒಬ್ಬರನ್ನು ಹಿಡಿದು ಊರು ಸುತ್ತು. ಇಂಡಿಯನ್ನರ ಗುಂಪು ಕಟ್ಟಿಕೊಂಡು ಮಾಲ್‌ಗೆ ಹೋಗುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಸಂಬಳ, ಟ್ಯಾಕ್ಸು, ವೀಸಾ ಬಗ್ಗೆ ಮಾತ್ರ ನನ್ನನ್ನು ಕೇಳಬೇಡ, ನನ್ನ ಮಾಹಿತಿ ಹಳೆಯದು. ಫಿಸಿಕ್ಸ್ ಸರ್ ನಂಬರ್ ಕಳಿಸ್ತೀನಿ, ಅವರು ಇನ್ನೂ ಅಲ್ಲೇ ಇದ್ದಾರೆ.