ಮುಪ್ಪಿನಲ್ಲಿ ಬರೆದ ಕಾಗದ ಸಾಕ್ಷಿಯಾದೀತೇ?

ಪ್ರಶ್ನೆ: ಅಮೆರಿಕದ ಪಶ್ಚಿಮ ಸೀಮೆಯ ದರೋಡೆಕೋರರು, ಬಂದೂಕುಗಾರರು ಮತ್ತು ಅವರ ಆಯುಧಗಳ ಕುರಿತು, ಅವರನ್ನು ಕಣ್ಣಾರೆ ಕಂಡವರು ದಶಕಗಳ ನಂತರ ಬರೆದ ಪತ್ರಗಳನ್ನು ಇತಿಹಾಸದ ಸಾಕ್ಷ್ಯವೆಂದು ಒಪ್ಪಬಹುದೇ?

ಪರ

1940ರ ಮಾರ್ಚ್‌ನಲ್ಲಿ ಅರಿಜೋನಾದ ಪ್ರೆಸ್ಕಾಟ್ ಊರಿನ ವೃದ್ಧಾಶ್ರಮದಿಂದ ತೊಂಬತ್ತರ ಆಸುಪಾಸಿನ ಮುದುಕಿಯೊಬ್ಬರು ತಮ್ಮ ಬಂಧುವಾದ ಲಿಲಿಯನ್ ರಾಫರ್ಟ್‌ಗೆ ಒಂದು ಕಾಗದ ಬರೆದರು. ಹಂಗೆರಿಯಲ್ಲಿ ಹುಟ್ಟಿದ್ದ ಈ ಕೇಟ್, ಹಲ್ಲಿನ ವೈದ್ಯನಾಗಿದ್ದು ಜೂಜುಗಾರನೂ ಬಂದೂಕುಗಾರನೂ ಆದ ಡಾಕ್ ಹಾಲಿಡೇಯ ಜೊತೆ ಬಾಳಿದವರು. ಟೆಕ್ಸಸ್‌ನ ಫೋರ್ಟ್ ಗ್ರಿಫಿನ್‌ನಲ್ಲಿ ಬಂಧಿತನಾಗಿದ್ದ ಹಾಲಿಡೇಯನ್ನು ಆಕೆ ಕೊಟ್ಟಿಗೆಗೆ ಬೆಂಕಿ ಹಚ್ಚಿ, ಕಾವಲುಗಾರನಿಗೆ ಪಿಸ್ತೂಲು ತೋರಿಸಿ ಬಿಡಿಸಿಕೊಂಡು ಹೋದಳೆಂಬ ಕಥೆ 1896ರಲ್ಲೇ ಹಾಲಿಡೇಯ ಗೆಳೆಯನೂ ಪಶ್ಚಿಮ ಸೀಮೆಯ ಹೆಸರಾಂತ ಪೊಲೀಸ್ ಅಧಿಕಾರಿಯೂ ಆಗಿದ್ದ ವ್ಯಾಟ್ ಅರ್ಪ್‌ನ ಹೆಸರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಆಮೇಲೆ ಬರೆದವರು ಬಹುಮಟ್ಟಿಗೆ ಅದನ್ನೇ ಬರೆದುಕೊಂಡು ಬಂದಿದ್ದರು. ಕೇಟ್ ಆ ಕಾಗದದಲ್ಲಿ ಕಥೆಯನ್ನು ನಕ್ಕು ತಳ್ಳಿಹಾಕುತ್ತಾರೆ: ನೂರ ಹದಿನಾರು ಪೌಂಡ್ ತೂಕದ ಹೆಂಗಸು ಅಧಿಕಾರಿಯ ಕೈಯಿಂದ ಆಯುಧ ಕಿತ್ತುಕೊಂಡು, ಪ್ರಿಯಕರನನ್ನು ಕುದುರೆ ಹತ್ತಿಸಿಕೊಂಡು ಹೋಗುವುದುಂಟೇ ಎಂಬುದು ಆಕೆಯ ವಾದ. ಮುಪ್ಪಿನ ನೆನಪು ಘಟನೆಯನ್ನು ಹಿಗ್ಗಿಸುತ್ತದೆ ಎಂದು ದೂರುವವರು ಇದನ್ನು ಗಮನಿಸಬೇಕು. ಇಲ್ಲಿ ಹಿಗ್ಗಿಸಿದ್ದು ಅಚ್ಚಿನ ಮನೆ, ಕುಗ್ಗಿಸಿದ್ದು ಮುದುಕಿಯ ಕಾಗದ. ಅದೂ ತನ್ನನ್ನೇ ವೀರವನಿತೆಯಾಗಿಸಿದ್ದ ಕಥೆಯನ್ನು.

ಅದೇ ಕೇಟ್ 1881ರ ಅಕ್ಟೋಬರ್ 26ರಂದು ಅರಿಜೋನಾದ ಟೂಂಬ್‌ಸ್ಟೋನ್ ಊರಿನಲ್ಲಿ ಅರ್ಪ್ ಸಹೋದರರಿಗೂ ಹಾಲಿಡೇಗೂ ಕ್ಲಾಂಟನ್–ಮೆಕ್‌ಲಾರಿ ಗುಂಪಿಗೂ ನಡೆದ ಕಾಳಗದ ನಂತರದ ಒಂದು ಗಳಿಗೆಯನ್ನೂ ದಾಖಲಿಸಿದ್ದಾರೆ. ಮೂವರು ಸತ್ತ ಆ ಅರ್ಧ ನಿಮಿಷದ ಗುಂಡಿನ ಚಕಮಕಿ ಮುಗಿದ ಮೇಲೆ ಹಾಲಿಡೇ, ಫ್ಲೈ ಎಂಬವರ ವಸತಿಗೃಹದಲ್ಲಿದ್ದ ಕೋಣೆಗೆ ಬಂದು, ಮಂಚದ ಅಂಚಿನಲ್ಲಿ ಕುಳಿತು, ಎಂಥ ಘೋರವಾಯಿತೆಂದು ಅತ್ತನಂತೆ. ಕೋಣೆಯೊಳಗಿನ ಈ ಅಳು ವರದಿಗಾರನಿಗಾಗಲಿ ನ್ಯಾಯಾಧೀಶನಿಗಾಗಲಿ ಕಾಣುವಂಥದ್ದಲ್ಲ. ಅದು ಇಂಥ ಪತ್ರದಲ್ಲಲ್ಲದೆ ಬೇರೆಲ್ಲಿ ಸಿಕ್ಕೀತು?

ಘಟನೆ ನಡೆದ ಕೂಡಲೇ ದಾಖಲಾದದ್ದೇ ಸತ್ಯವೆಂದು ವಾದಿಸುವುದಾದರೆ, ಆ ಕಾಳಗದ ವಿಚಾರಣೆಯನ್ನೇ ನೋಡಬಹುದು. ನ್ಯಾಯಾಧೀಶ ವೆಲ್ಸ್ ಸ್ಪೈಸರ್ ಎದುರು ಕೆಲವೇ ವಾರಗಳ ಅಂತರದಲ್ಲಿ, ಪ್ರಮಾಣ ಮಾಡಿ ನುಡಿದ ಸಾಕ್ಷಿಗಳಲ್ಲಿ ಶೆರಿಫ್ ಬೀಹನ್ ಮೊದಲ ಗುಂಡು ಹಾರಿದ್ದು ನಿಕ್ಕಲ್ ಲೇಪದ ಪಿಸ್ತೂಲಿನಿಂದ ಎಂದು ಹೇಳಿ ಹಾಲಿಡೇಯತ್ತ ಬೆರಳು ತೋರಿದ. ವ್ಯಾಟ್ ಅರ್ಪ್ ತಾನೂ ಬಿಲ್ಲಿ ಕ್ಲಾಂಟನ್‌ನೂ ಏಕಕಾಲಕ್ಕೆ ಮೊದಲು ಹಾರಿಸಿದೆವೆಂದ. ಸತ್ತ ಟಾಮ್ ಮೆಕ್‌ಲಾರಿಯ ಬಳಿ ಆಯುಧವಿತ್ತೇ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಆಯುಧಗಳ ವಿಷಯದಲ್ಲಂತೂ ಪತ್ರಗಳನ್ನು ಬಿಟ್ಟರೆ ಗತಿಯಿಲ್ಲ. ಬಂದೂಕು ತಯಾರಿಸುವ ಕೋಲ್ಟ್ ಕಾರ್ಖಾನೆಯ ದಾಖಲೆ ಒಂದು ರಿವಾಲ್ವರ್‌ನ ಕ್ರಮಸಂಖ್ಯೆ, ನಳಿಗೆಯ ಉದ್ದ, ಅದು ಯಾವ ದಿನ ಯಾವ ವ್ಯಾಪಾರಿಗೆ ಹೋಯಿತೆಂಬುದನ್ನು ತಿಳಿಸುತ್ತದೆ. ಆಮೇಲೆ ಅದು ಯಾರ ಸೊಂಟ ಸೇರಿತೆಂಬುದನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ. ಬಿಲ್ಲಿ ದ ಕಿಡ್ ಎಂಬ ಬಂದೂಕುಗಾರನನ್ನು ಕೊಂದ ಶೆರಿಫ್ ಪ್ಯಾಟ್ ಗ್ಯಾರೆಟ್‌ನ ಕೋಲ್ಟ್ 2021ರಲ್ಲಿ 60 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹರಾಜಾದದ್ದು ಉಕ್ಕಿನ ಬೆಲೆಗಲ್ಲ, ಕೈಯಿಂದ ಕೈಗೆ ಅದು ಸಾಗಿದ ದಾರಿಯನ್ನು ತೋರಿಸುವ ಕಾಗದಗಳ ಬೆಲೆಗೆ.

ವಿರೋಧ

ಆ 60 ಲಕ್ಷ ಡಾಲರ್‌ನಲ್ಲೇ ತೊಡಕಿರುವುದು. ಗ್ಯಾರೆಟ್‌ನ ರಿವಾಲ್ವರ್‌ನ ಸಾಚಾತನದ ಬಗ್ಗೆ ತಕರಾರಿಲ್ಲ; ಅದಕ್ಕಾಗಿ ಅವನ ಹೆಂಡತಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಗೆದ್ದದ್ದೂ ದಾಖಲೆಯಲ್ಲಿದೆ. ಆದರೆ ಕಾಗದವೊಂದು ಹಳೆಯ ಕಬ್ಬಿಣವನ್ನು ಆಸ್ತಿಯನ್ನಾಗಿ ಮಾಡಬಲ್ಲುದಾದರೆ ಕಾಗದಗಳು ಹುಟ್ಟಿಕೊಳ್ಳುತ್ತವೆ. ದರೋಡೆಕೋರ ಜೆಸ್ಸಿ ಜೇಮ್ಸ್‌ನ ತಾಯಿ, ಮಗ 1882ರಲ್ಲಿ ಕೊಲೆಯಾದ ಮೇಲೆ, ಕಂಡಕಂಡಲ್ಲಿ ಹಳೆಯ ಪಿಸ್ತೂಲು ಕೊಂಡು ಮಗನದೆಂದು ಪ್ರವಾಸಿಗರಿಗೆ ಮಾರುತ್ತಿದ್ದರೆಂಬ ಪ್ರತೀತಿಯಿದೆ. ಅದು ನಿಜವಿರಲಿ ಬಿಡಲಿ, ಕೊಳ್ಳುವವರಿಗೇನೂ ಬರವಿರಲಿಲ್ಲ.

ನೆನಪಿನ ಬರಹ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ‘ಬಂಟ್‌ಲೈನ್ ಸ್ಪೆಷಲ್’ಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಲೇಖಕ ಸ್ಟುವರ್ಟ್ ಲೇಕ್ 1928ರಲ್ಲಿ ಮುದಿ ವ್ಯಾಟ್ ಅರ್ಪ್‌ನೊಂದಿಗೆ ಪತ್ರವ್ಯವಹಾರ ನಡೆಸಿ, ಭೇಟಿಯಾಗಿ, 1931ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ನೆಡ್ ಬಂಟ್‌ಲೈನ್ ಎಂಬ ಕಾದಂಬರಿಕಾರ 12 ಅಂಗುಲ ನಳಿಗೆಯ ಐದು ಕೋಲ್ಟ್‌ಗಳನ್ನು ಮಾಡಿಸಿ ಕ್ಯಾನ್ಸಸ್‌ನ ಡಾಡ್ಜ್ ಸಿಟಿಯ ಐವರು ಪೊಲೀಸ್ ಅಧಿಕಾರಿಗಳಿಗೆ ಉಡುಗೊರೆ ಕೊಟ್ಟನೆಂದು ಬರೆದ. ಅರ್ಪ್, ಬ್ಯಾಟ್ ಮಾಸ್ಟರ್‌ಸನ್, ಟಿಲ್ಗ್‌ಮನ್, ಬ್ಯಾಸೆಟ್, ನೀಲ್ ಬ್ರೌನ್ ಎಂದು ಹೆಸರುಗಳೂ ಇವೆ. ಕೋಲ್ಟ್ ದಾಖಲೆಗಳಲ್ಲಿ ಬಂಟ್‌ಲೈನ್‌ನ ಅಂಥ ಬೇಡಿಕೆಯೇ ಇಲ್ಲ. ಅಷ್ಟಾದರೂ 1957ರಲ್ಲಿ, ಅರ್ಪ್‌ನ ಹೆಸರಿನ ಟಿವಿ ಧಾರಾವಾಹಿಯ ಜನಪ್ರಿಯತೆಯ ನಡುವೆ, ಕೋಲ್ಟ್ ಕಂಪನಿಯೇ ಅದೇ ಹೆಸರಿನಲ್ಲಿ 12 ಅಂಗುಲದ ರಿವಾಲ್ವರ್ ತಯಾರಿಸಿ ಮಾರಿತು. ಅರ್ಪ್ ತನಗೆ ಒಂದು ಮಾತನ್ನೂ ಹೇಳಿ ಬರೆಸಲಿಲ್ಲವೆಂದು ಲೇಕ್ ಮುಂದೆ ಖಾಸಗಿ ಕಾಗದವೊಂದರಲ್ಲಿ ಒಪ್ಪಿಕೊಂಡ.

ಈಗ ಇನ್ನೊಂದು ಬಗೆಯ ಪತ್ರವನ್ನು ನೋಡೋಣ. 1885ರ ಜುಲೈ 24ರಂದು ಅದೇ ಮಾಸ್ಟರ್‌ಸನ್ ಡಾಡ್ಜ್ ಸಿಟಿಯ ಆಪೆರಾ ಹೌಸ್ ಮದ್ಯದಂಗಡಿಯ ಹೆಸರು ಅಚ್ಚಾಗಿದ್ದ ಕಾಗದದಲ್ಲಿ ಕೋಲ್ಟ್ ಕಾರ್ಖಾನೆಗೆ ಬರೆದ: ನಿಕ್ಕಲ್ ಲೇಪದ ಗಿಡ್ಡ .45 ರಿವಾಲ್ವರ್ ಬೇಕು, ತನ್ನ ಸ್ವಂತ ಬಳಕೆಗೆ. ಅದರ ಕುದುರೆ (ಟ್ರಿಗರ್) ಬಲು ಹಗುರವಾಗಿ ಎಳೆಯುವಂತಿರಲಿ. ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮೊನೆ ಮಾಮೂಲಿಗಿಂತ ತುಸು ಎತ್ತರವೂ ದಪ್ಪವೂ ಇರಲಿ. ನಳಿಗೆ ಮಾತ್ರ ಖಾಲಿ ತೋಟಾ ಹೊರತಳ್ಳುವ ಕಡ್ಡಿಯಷ್ಟೇ ಉದ್ದವಿದ್ದರೆ ಸಾಕು. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಹಣ ಕೊಡುವೆ. ಹನ್ನೆರಡು ಅಂಗುಲದ ಉಡುಗೊರೆ ಪಡೆದನೆನ್ನಲಾದವನು ಕೈಯಾರೆ ದುಡ್ಡು ತೆತ್ತು ಕೇಳಿದ್ದು ಅದರ ಅರ್ಧಕ್ಕಿಂತ ಗಿಡ್ಡ ನಳಿಗೆಯನ್ನು! ಈ ಪತ್ರದಲ್ಲಿ ಯಾರನ್ನೂ ಮೆಚ್ಚಿಸುವ ಹಂಗಿಲ್ಲ. ಬರೆದದ್ದು ತಪ್ಪಿದ್ದರೆ ಬರುವ ರಿವಾಲ್ವರ್ ತಪ್ಪಾಗುತ್ತಿತ್ತು, ಅಷ್ಟೆ.

ಕೇಟ್‌ಳ ಕಾಗದಕ್ಕೆ ಈ ಕಟ್ಟುಪಾಡಿಲ್ಲ. ಫೋರ್ಟ್ ಗ್ರಿಫಿನ್ ಕಥೆಯನ್ನು ಆಕೆ ಅಲ್ಲಗಳೆದದ್ದು ನಂಬುವಂತಿದೆ, ಒಪ್ಪೋಣ. ಆದರೆ ತಾನೂ ಹಾಲಿಡೇಯೂ ಜಾರ್ಜಿಯಾದ ವಾಲ್ಡೋಸ್ಟಾದಲ್ಲಿ ಮದುವೆಯಾದೆವೆಂದು ಹೇಳಿಕೊಂಡವರೂ ಆಕೆಯೇ. ಆ ಮದುವೆಗೆ ದಾಖಲೆ ಸಿಕ್ಕಿಲ್ಲ. ಹಾಗಿರುವಾಗ ಸುಮಾರು ಐವತ್ತೆಂಟು ವರ್ಷಗಳ ನಂತರ ನೆನಪಾದ ಕಣ್ಣೀರನ್ನು ಯಾವುದರ ಬಲದಿಂದ ನಂಬುವುದು? ಅದನ್ನು ಕಂಡ ಇನ್ನೊಬ್ಬರಿಲ್ಲ. ಪರ ವಾದಿಸಿದವರು ಅದನ್ನೇ ಪತ್ರದ ಹಿರಿಮೆಯೆಂದರು; ನ್ಯಾಯಾಲಯದಲ್ಲಿ ಅದನ್ನು ಒಂಟಿ ಸಾಕ್ಷಿಯೆನ್ನುತ್ತಾರೆ, ಮತ್ತು ಒಂಟಿ ಸಾಕ್ಷಿಯನ್ನು ಎರಡು ಬಾರಿ ಪ್ರಶ್ನಿಸುತ್ತಾರೆ. ಹಾಲಿಡೇ ಹೇಗಿದ್ದನೆಂದು ಕೇಟ್‌ಗೆ ಕೊನೆಗಾಲದಲ್ಲಿ ಅನ್ನಿಸುತ್ತಿತ್ತೆಂಬುದಕ್ಕೆ ಆ ಕಾಗದ ನೇರ ಆಧಾರ. 1881ರ ಆ ಮಧ್ಯಾಹ್ನ ಅವನು ಅತ್ತನೆಂಬುದಕ್ಕೆ ಅಲ್ಲ.